ಕೊಳ್ಳೇಗಾಲ ಸೀಮೆಯ ಮತಾಧಿಕಾರ: ಒಂದು ಐತಿಹಾಸಿಕ ಸಮೀಕ್ಷೆ

ಹನೂರಿನಿಂದ ರಾಮಾಪುರದ ಕಡೆಗೆ ಸಾಗುವ ದಾರಿಯಲ್ಲಿ ಅಜ್ಜೀಪುರವೆಂಬ ಗ್ರಾಮವಿದೆ. ಆ ದಾರಿಯೇ ಮುಂದುವರಿದು, ಗರಿಕೆಕಂಡಿಯ ಕಾಡನ್ನು ದಾಟಿ, ತಮಿಳು ಸೀಮೆಯ ಬರಗೂರು, ಅಂತಿಯೂರುಗಳನ್ನು ಮುಟ್ಟುತ್ತದೆ. ಈಗ ಈ ಗ್ರಾಮವು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಆದರೆ 1956ರ ಅಕ್ಟೋಬರ್ ಮುಗಿಯುವವರೆಗೆ ಇದು ಕೊಯಮತ್ತೂರು ಜಿಲ್ಲೆಗೆ ಸೇರಿದ ಕೊಳ್ಳೇಗಾಲ ತಾಲ್ಲೂಕಿನ ಒಂದು ಊರಾಗಿತ್ತು. ಇಲ್ಲಿಂದ ಎತ್ತಿನ ಗಾಡಿಯಲ್ಲಿ ಒಂದೆರಡು ದಿನದ ಹಾದಿಯಲ್ಲಿರುವ ಯಳಂದೂರಾದರೋ ಮೈಸೂರು ಸಂಸ್ಥಾನದೊಳಗಣ ಊರು. ಎರಡೂ ಕಡೆಯ ಜನರ ಭಾಷೆ ಒಂದೇ, ಜಾತ್ರೆಗಳು ಒಂದೇ, ನಡೆದುಕೊಳ್ಳುವ ಮಠಗಳೂ ಬಹುಮಟ್ಟಿಗೆ ಅವೇ. ಆದರೆ ರಾಜ್ಯವನ್ನಾಳುವವರ ಮುಂದೆ ಪ್ರಜೆಗಳು ತಮ್ಮ ಅಭಿಪ್ರಾಯವನ್ನು ಮುಟ್ಟಿಸುವ ಮಾರ್ಗಗಳು ಮಾತ್ರ ಬೇರೆ ಬೇರೆಯಾಗಿದ್ದವು. ಒಂದು ಕಡೆಯವರಿಗೆ ದೆಹಲಿಯವರೆಗೆ ಮುಟ್ಟುವ ಮತವಿತ್ತು, ಅದನ್ನು ತಮ್ಮ ನುಡಿಯಲ್ಲಿ ಆಡಿಸುವ ಪ್ರತಿನಿಧಿ ಇರಲಿಲ್ಲ. ಇನ್ನೊಂದು ಕಡೆಯವರಿಗೆ ತಮ್ಮ ನುಡಿಯಲ್ಲಿ ಅಹವಾಲು ಹೇಳಿಕೊಳ್ಳುವ ಸಭೆಯಿತ್ತು, ಅದರ ಮಾತಿಗೆ ಸರ್ಕಾರವನ್ನು ಕಟ್ಟಿಹಾಕುವ ಬಲವಿರಲಿಲ್ಲ. ಮತ ಮತ್ತು ಮಾತು ಎಂಬ ಇವೆರಡೂ ಹೇಗೆ ಅಗಲಿದ್ದವು, ಹೇಗೆ ಕೂಡಿದವು ಎಂಬುದೇ ಈ ಸೀಮೆಯ ಚುನಾವಣಾ ಇತಿಹಾಸದ ಸಾರವೆನ್ನಬಹುದು.

ಗಡಿಯ ಹುಟ್ಟು

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪೂ ಸುಲ್ತಾನನು ಮಡಿದ ಬಳಿಕ ಮೈಸೂರು ರಾಜ್ಯವನ್ನು ಹಂಚಿಕೊಳ್ಳಲಾಯಿತು. ಕೊಯಮತ್ತೂರು ಸೀಮೆಯು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಅದರೊಡನೆ ಕೊಳ್ಳೇಗಾಲವೂ ಕಂಪನಿಯ ಆಡಳಿತಕ್ಕೆ ಸೇರಿ, ಮುಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಕೊಯಮತ್ತೂರು ಜಿಲ್ಲೆಯ ಉತ್ತರ ತುದಿಯ ತಾಲ್ಲೂಕಾಗಿ ಉಳಿಯಿತು. ಯಳಂದೂರು ಮಾತ್ರ ಮೈಸೂರಿನಲ್ಲಿಯೇ ಇದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು.

ಈ ಗಡಿಯು ಕೇವಲ ಕಂದಾಯದ ಗಡಿಯಾಗಿರಲಿಲ್ಲ. ವೀರಶೈವ ಸಾಹಿತ್ಯವನ್ನು ಬಲ್ಲವರಿಗೆ ಇದರ ವಿಪರೀತ ಸ್ಥಿತಿ ಕೂಡಲೇ ಗೋಚರಿಸುತ್ತದೆ. ಕೊಳ್ಳೇಗಾಲ ತಾಲ್ಲೂಕಿನ ಚಿಲಕವಾಡಿಯ ಬಳಿಯ ಶಂಭುಲಿಂಗನ ಬೆಟ್ಟವು ನಿಜಗುಣ ಶಿವಯೋಗಿಗಳ ತಪೋಭೂಮಿಯೆಂದು ಪ್ರಸಿದ್ಧವಾದುದು. 'ವಿವೇಕಚಿಂತಾಮಣಿ', 'ಕೈವಲ್ಯಪದ್ಧತಿ', 'ಪರಮಾನುಭವಬೋಧೆ' ಮೊದಲಾದ ಕೃತಿಗಳಿಂದ ಕನ್ನಡ ನಾಡಿನ ಮಠಮಠಗಳಿಗೂ ಶಾಸ್ತ್ರಪಾಠವನ್ನು ಒದಗಿಸಿದ ಆ ಮಹನೀಯರ ಬೆಟ್ಟವು ಹೀಗೆ ಮದರಾಸು ಆಧಿಪತ್ಯದ ಪಾಲಾಯಿತು. 1655ರಲ್ಲಿ 'ರಾಜಶೇಖರ ವಿಳಾಸ'ವನ್ನು ರಚಿಸಿದ ಷಡಕ್ಷರದೇವನ ನೆಲೆಯಾದ ಯಳಂದೂರು ಮೈಸೂರಿನ ಪಾಲಾಯಿತು. ಮಲೆಯ ಮಾದಪ್ಪನ ಬೆಟ್ಟಕ್ಕೆ ಎರಡೂ ಸೀಮೆಗಳಿಂದ ಹರಕೆ ಹೊತ್ತು ಬರುತ್ತಿದ್ದ ಒಕ್ಕಲು, ಕಂಸಾಳೆಯ ಗುಡ್ಡರು, ಸಾಲೂರು ಮಠದ ಭಕ್ತರು, ಇವರೆಲ್ಲರೂ ಈ ಗಡಿಯನ್ನು ದಾಟಿಯೇ ನಡೆದಾಡುತ್ತಿದ್ದರು. ಜನರ ನಡೆಗೆ ಗಡಿ ಅಡ್ಡಿಯಾಗಲಿಲ್ಲ, ಆದರೆ ಪ್ರಾತಿನಿಧ್ಯವೆಂಬುದು ಬಂದಾಗ ಅದರ ಪರಿಣಾಮ ಬೆಳಕಿಗೆ ಬಂದಿತು.

ದೆಹಲಿಗೆ ಪ್ರತಿನಿಧಿ: 1920ರ ವ್ಯವಸ್ಥೆ

1919ರ ಇಂಡಿಯಾ ಸರ್ಕಾರದ ಕಾಯಿದೆಯು ದೆಹಲಿಯಲ್ಲಿ ಕೇಂದ್ರ ಶಾಸನಸಭೆಯನ್ನು ಏರ್ಪಡಿಸಿತು. ಅದರ ಬಹುಸಂಖ್ಯೆಯ ಸದಸ್ಯರು ಚುನಾಯಿತರಾಗಿ ಬರತಕ್ಕವರಾಗಿದ್ದರು. ಮದರಾಸು ಪ್ರಾಂತ್ಯಕ್ಕೆ ದೊರೆತ ಚುನಾಯಿತ ಸ್ಥಾನಗಳು 16. ಅವುಗಳಲ್ಲಿ ಮುಸ್ಲಿಮೇತರ ಗ್ರಾಮಾಂತರ ಸ್ಥಾನಗಳು 9. ಇವನ್ನು ರಚಿಸುವಾಗ ಎರಡು ಮೂರು ಜಿಲ್ಲೆಗಳನ್ನು ಒಟ್ಟುಗೂಡಿಸಿ ಒಂದೊಂದು ಕ್ಷೇತ್ರವನ್ನು ಮಾಡಲಾಯಿತು. ಕೊಯಮತ್ತೂರು, ಸೇಲಂ, ಉತ್ತರ ಆರ್ಕಾಟು ಜಿಲ್ಲೆಗಳು ಸೇರಿ ಒಂದು ಕ್ಷೇತ್ರವಾದವು. ಅಜ್ಜೀಪುರ, ಹನೂರು, ಕೊಳ್ಳೇಗಾಲಗಳ ಮತದಾರರು ಈ ವಿಶಾಲ ಕ್ಷೇತ್ರದೊಳಗೆ ಸೇರಿದರು.

ಮದರಾಸು ಪ್ರಾಂತ್ಯದ ಕನ್ನಡ ಪ್ರದೇಶಗಳೆಲ್ಲವನ್ನೂ ಒಟ್ಟಿಗೆ ನೋಡಿದಾಗ ಈ ವಿಂಗಡಣೆಯ ಫಲ ಸ್ಪಷ್ಟವಾಗುತ್ತದೆ. ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡವು ಮಲಬಾರಿನೊಡನೆ ಪಶ್ಚಿಮ ಕರಾವಳಿ ಮತ್ತು ನೀಲಗಿರಿ ಎಂಬ ಕ್ಷೇತ್ರಕ್ಕೆ ಸೇರಿತು. ಬಳ್ಳಾರಿಯು ದತ್ತಮಂಡಲ ಮತ್ತು ಚಿತ್ತೂರಿನ ಕ್ಷೇತ್ರಕ್ಕೆ ಸೇರಿತು. ಕೊಳ್ಳೇಗಾಲವು ಮೇಲೆ ಹೇಳಿದ ತಮಿಳು ಜಿಲ್ಲೆಗಳ ಕ್ಷೇತ್ರಕ್ಕೆ ಸೇರಿತು. ಹೀಗೆ ಒಂದು ಪ್ರಾಂತ್ಯದ ಕನ್ನಡಿಗರು ಮೂರು ಕ್ಷೇತ್ರಗಳಲ್ಲಿ, ಮಲೆಯಾಳ, ತೆಲುಗು, ತಮಿಳು ಎಂಬ ಮೂರು ಭಾಷೆಗಳ ನಡುವೆ ಹಂಚಿಹೋದರು. ಅವರನ್ನು ಒಡೆಯಬೇಕೆಂಬ ಉದ್ದೇಶ ಸರ್ಕಾರಕ್ಕಿತ್ತೆಂದು ಭಾವಿಸಬೇಕಾದ ಅಗತ್ಯವಿಲ್ಲ. ಜಿಲ್ಲೆಯೆಂಬುದು ಕಂದಾಯದ ಅನುಕೂಲಕ್ಕಾಗಿ ಹುಟ್ಟಿತು, ಕ್ಷೇತ್ರವು ಜಿಲ್ಲೆಯ ಮೇಲೆ ನಿಂತಿತು, ಭಾಷೆಯ ಪ್ರಶ್ನೆ ಯಾರ ಗಮನಕ್ಕೂ ಬರಲಿಲ್ಲ. ಅದೇ 1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ಒಪ್ಪಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸರ್ಕಾರದ ನಕ್ಷೆ ಮತ್ತು ಜನರ ನಕ್ಷೆ ಬೇರೆಯಾಗಿವೆ ಎಂಬುದು ಒಂದೇ ವರ್ಷದಲ್ಲಿ ಎರಡು ಬಗೆಯಾಗಿ ದಾಖಲಾಯಿತು.

ಮತದಾರನ ಅರ್ಹತೆ

ಆ ಕಾಲದ ಮತಾಧಿಕಾರವು ಆಸ್ತಿಯನ್ನು ಅವಲಂಬಿಸಿತ್ತು. ನಿಗದಿಯಾದ ಮಟ್ಟದ ಭೂಮಿಯುಳ್ಳವರು, ಆದಾಯ ತೆರಿಗೆ ಕೊಡುವವರು, ಸೈನ್ಯದಿಂದ ನಿವೃತ್ತರಾದವರು ಮುಂತಾದವರಿಗೆ ಮಾತ್ರ ಮತವಿತ್ತು. ಪ್ರಾಂತ್ಯದ ಶಾಸನ ಪರಿಷತ್ತಿಗಿಂತ ಕೇಂದ್ರ ಶಾಸನಸಭೆಗೆ ಈ ಅರ್ಹತೆ ಮತ್ತೂ ಬಿಗಿಯಾಗಿತ್ತು. 1920ರಲ್ಲಿ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಕೇಂದ್ರ ಶಾಸನಸಭೆಗೆ ಮತ ನೀಡಬಲ್ಲವರು ಸುಮಾರು 9 ಲಕ್ಷ ಮಂದಿ. ಜನಸಂಖ್ಯೆ ಸುಮಾರು 24 ಕೋಟಿಗೂ ಮೇಲಿದ್ದುದರಿಂದ ಸಾವಿರಕ್ಕೆ ನಾಲ್ವರ ಲೆಕ್ಕವೂ ತುಂಬುವುದಿಲ್ಲ. ಬಹುಭಾಗ ಕಾಡಿನಿಂದ ಕೂಡಿ, ಮಳೆಯನ್ನೇ ನೆಚ್ಚಿ ಬೇಸಾಯ ಮಾಡುವ ಹನೂರು, ಅಜ್ಜೀಪುರಗಳಂಥ ಊರುಗಳಲ್ಲಿ ಅಂಥ ಮತದಾರರು ಎಷ್ಟು ವಿರಳವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಮಗ್ಗದ ಮುಂದೆ ಕುಳಿತ ನೇಕಾರ, ಅನ್ಯರ ಹೊಲದಲ್ಲಿ ದುಡಿಯುವ ಆಳು, ಬೆಟ್ಟದ ಪೋಡುಗಳಲ್ಲಿ ವಾಸಿಸುವ ಸೋಲಿಗ, ಇವರಾರೂ ಆ ಪಟ್ಟಿಯಲ್ಲಿ ಸ್ಥಾನ ಪಡೆಯುವಂತಿರಲಿಲ್ಲ. ಮದರಾಸಿನ ಶಾಸನ ಪರಿಷತ್ತು 1921ರಲ್ಲಿಯೇ ಸ್ತ್ರೀಯರಿಗೆ ಮತಾಧಿಕಾರವನ್ನು ಒಪ್ಪಿತೆಂಬುದು ಶ್ಲಾಘನೀಯವೇ ಆದರೂ, ತನ್ನ ಹೆಸರಿನಲ್ಲಿ ಆಸ್ತಿಯಿಲ್ಲದ ಹೆಣ್ಣಿಗೆ ಅದರಿಂದ ಆದ ಪ್ರಯೋಜನ ಅಲ್ಪವೇ ಸರಿ.

ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ನೆನಪು ಬಾರದಿರದು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಬಣ್ಣಿಸುವ ರೂಢಿಯಿದೆ. ಅಭಿಮಾನದಿಂದ ಹೇಳುವ ಈ ಮಾತನ್ನು ಇತಿಹಾಸದ ವಿದ್ಯಾರ್ಥಿಯು ತುಸು ಎಚ್ಚರದಿಂದ ಸ್ವೀಕರಿಸಬೇಕು. ಶರಣರ ಗೋಷ್ಠಿಗೆ ಕ್ಷೇತ್ರಗಳಿರಲಿಲ್ಲ, ಮತಪೆಟ್ಟಿಗೆಯಿರಲಿಲ್ಲ, ಅದು ಕಾನೂನು ಮಾಡುವ ಸಭೆಯೂ ಆಗಿರಲಿಲ್ಲ. ಆದರೆ ಸಭೆಯಲ್ಲಿ ಕುಳಿತು ಮಾತನಾಡಲು ಯಾರು ಅರ್ಹರು ಎಂಬ ಪ್ರಶ್ನೆಗೆ ಶರಣರು ಕೊಟ್ಟ ಉತ್ತರ ಇಂದಿಗೂ ವಿಚಾರಾರ್ಹವಾದುದು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರ ಹೆಸರಿನ ಮುಂದೆ ಇರುವುದು ಅವರ ಕಾಯಕ. ಅವರಲ್ಲಿ ಯಾರನ್ನೂ ಅವರ ಭೂಮಿಯ ಅಳತೆಯಿಂದ ಗುರುತಿಸಿಲ್ಲ. ಅವರು ಆಡಿದ್ದು ಜನರ ಕನ್ನಡದಲ್ಲಿ. 1920ರ ಶಾಸನವಾದರೋ ಕಂದಾಯದ ಪಟ್ಟಿಯಿಂದ ಮತದಾರನನ್ನು ಆರಿಸಿತು, ಸಭೆಯಲ್ಲಿ ಇಂಗ್ಲಿಷನ್ನು ಕೂರಿಸಿತು. ದುಡಿಮೆ ಮತ್ತು ನುಡಿ ಎರಡನ್ನೂ ಅದು ಹೊರಗಿಟ್ಟಿತು.

ಕ್ಷೇತ್ರದ ಪ್ರತಿನಿಧಿಗಳು

1920, 1923, 1926, 1930, 1934 ಮತ್ತು 1945, ಈ ಆರು ವರ್ಷಗಳಲ್ಲಿ ಕೇಂದ್ರ ಶಾಸನಸಭೆಗೆ ಸಾರ್ವತ್ರಿಕ ಚುನಾವಣೆಗಳು ನಡೆದವು. 1923ರ ಚುನಾವಣೆಯ ಬಳಿಕ ಈ ಕ್ಷೇತ್ರವನ್ನು ಬಹುಕಾಲ ಪ್ರತಿನಿಧಿಸಿದವರು ಕೊಯಮತ್ತೂರಿನ ಆರ್. ಕೆ. ಷಣ್ಮುಖಂ ಚೆಟ್ಟಿಯವರು. ಸ್ವರಾಜ್ಯ ಪಕ್ಷದಿಂದ ಸಭೆಯನ್ನು ಪ್ರವೇಶಿಸಿದ ಅವರು 1933ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಕೊಚ್ಚಿಯ ದಿವಾನರಾಗಿ, 1947ರಲ್ಲಿ ಸ್ವತಂತ್ರ ಭಾರತದ ಮೊದಲ ಹಣಕಾಸು ಸಚಿವರಾಗಿ ಅವರು ಖ್ಯಾತಿವೆತ್ತರು. 1934ರ ಚುನಾವಣೆಯಲ್ಲಿ ಈ ಕ್ಷೇತ್ರದಿಂದ ಬಂದವರು ಕಾಂಗ್ರೆಸ್ಸಿನ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು. ಕೊಯಮತ್ತೂರಿನಲ್ಲಿ ರಾಮಕೃಷ್ಣ ವಿದ್ಯಾಲಯವನ್ನು ಸ್ಥಾಪಿಸಿದ ಅವರು 1946ರಲ್ಲಿ ಮದರಾಸಿನ ಶಿಕ್ಷಣ ಸಚಿವರಾದರು.

ಇಬ್ಬರೂ ಸಮರ್ಥರು, ಇಬ್ಬರೂ ಗೌರವಾನ್ವಿತರು. ಇನ್ನೊಂದು ಸಾಮ್ಯವೂ ಇವರಲ್ಲಿದೆ. ಷಣ್ಮುಖಂ ಚೆಟ್ಟಿಯವರು ಸಂಗೀತ ಸಭೆಗಳಲ್ಲಿ ತಮಿಳು ಕೃತಿಗಳಿಗೆ ಸ್ಥಾನ ದೊರೆಯಬೇಕೆಂದು ಹೋರಾಡಿದ ತಮಿಳಿಸೈ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು, 'ಶಿಲಪ್ಪದಿಕಾರ'ಕ್ಕೆ ವ್ಯಾಖ್ಯಾನ ಬರೆದವರು. ಅವಿನಾಶಿಲಿಂಗಂ ಅವರು ತಮಿಳು ವಿಶ್ವಕೋಶದ ಹಿಂದಿನ ಪ್ರಧಾನ ಶಕ್ತಿ, ತಮಿಳು ಶಿಕ್ಷಣ ಮಾಧ್ಯಮದ ಪ್ರತಿಪಾದಕರು. ತಮ್ಮ ನುಡಿಗಾಗಿ ಇವರು ಮಾಡಿದ ಸೇವೆಯನ್ನು ಕಂಡು ಕನ್ನಡಿಗನು ಅಸೂಯೆಪಡಬೇಕಾಗಿಲ್ಲ. ಆದರೆ ಕೊಳ್ಳೇಗಾಲ ತಾಲ್ಲೂಕಿನ ಮತದಾರನು ನೀಡಿದ ಮತದ ಗತಿಯೇನೆಂಬುದು ಇದರಿಂದ ತಿಳಿಯುತ್ತದೆ. ಮೂರು ದೊಡ್ಡ ಜಿಲ್ಲೆಗಳ ನಡುವೆ ಒಂದು ಅಂಚಿನ ತಾಲ್ಲೂಕಿನ ಮತಗಳು ಯಾರನ್ನೂ ಗೆಲ್ಲಿಸಲಾರವು, ಸೋಲಿಸಲೂ ಆರವು. ಆದ್ದರಿಂದ ಆ ತಾಲ್ಲೂಕಿನ ಭಾಷೆ, ಶಾಲೆ, ಕಾಡಿನ ಹಕ್ಕು ಇವುಗಳನ್ನು ಯಾವ ಅಭ್ಯರ್ಥಿಯೂ ಮುಖ್ಯ ವಿಷಯವೆಂದು ಎಣಿಸಬೇಕಾದ ಒತ್ತಡವಿರಲಿಲ್ಲ. ತಪ್ಪು ವ್ಯಕ್ತಿಗಳದ್ದಲ್ಲ, ಕ್ಷೇತ್ರವನ್ನು ರಚಿಸಿದ ರೀತಿಯದ್ದು.

ಗಡಿಯಾಚೆಯ ಸಭೆ

ಇದೇ ಕಾಲದಲ್ಲಿ ಯಳಂದೂರಿನವರ ಸ್ಥಿತಿ ಹೇಗಿತ್ತು? ದೇಶೀಯ ಸಂಸ್ಥಾನಗಳಿಗೆ ಕೇಂದ್ರ ಶಾಸನಸಭೆಯಲ್ಲಿ ಸ್ಥಾನವಿರಲಿಲ್ಲವಾದುದರಿಂದ ಮೈಸೂರಿನ ಪ್ರಜೆಗಳಿಗೆ ದೆಹಲಿಯ ಚುನಾವಣೆಯ ಮಾತೇ ಇರಲಿಲ್ಲ. ಆದರೆ ಮೈಸೂರಿನಲ್ಲಿ ಅದಕ್ಕೂ ಬಹು ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. ಆ ವರ್ಷದ ಅಕ್ಟೋಬರ್ 7ರಂದು ನಡೆದ ಮೊದಲ ಅಧಿವೇಶನದಲ್ಲಿ 144 ಮಂದಿ ಪ್ರತಿನಿಧಿಗಳಿದ್ದರು. 1891ರಿಂದ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. 1923ರ ಶಾಸನವು ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ನೆಲೆಗಟ್ಟನ್ನು ಒದಗಿಸಿತು. ಯಳಂದೂರಿನ ಜಹಗೀರುದಾರ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿ ಈ ಸಭೆಯ ಅಧ್ಯಕ್ಷತೆಯನ್ನು ವಹಿಸುತ್ತಿದ್ದರು.

ಈ ಸಭೆಯನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಅಲ್ಲಿಯೂ ಮತಾಧಿಕಾರವು ಆಸ್ತಿವಂತರದೇ ಆಗಿತ್ತು, ದಿವಾನರು ಅದರ ಅಭಿಪ್ರಾಯಕ್ಕೆ ಬದ್ಧರಾಗಿರಲಿಲ್ಲ. ಆದರೂ ದಸರೆಯ ಕಾಲದಲ್ಲಿ ಮೈಸೂರಿಗೆ ಹೋದ ಒಬ್ಬ ಪಟೇಲನೋ ವರ್ತಕನೋ ಎದ್ದು ನಿಂತು, ತನ್ನೂರಿನ ಕೆರೆ ಒಡೆದುದನ್ನು, ರಸ್ತೆ ಕೆಟ್ಟುದನ್ನು ಕನ್ನಡದಲ್ಲಿ ದಿವಾನರಿಗೆ ನೇರವಾಗಿ ಹೇಳಬಹುದಾಗಿತ್ತು. ದೆಹಲಿಯ ಸಭೆಯಲ್ಲಿ ಕೊಳ್ಳೇಗಾಲದವನಿಗೆ ಅಂಥ ಅವಕಾಶವಿರಲಿಲ್ಲ. ಮದರಾಸಿನಲ್ಲಿಯೂ ಕಲಾಪದ ಭಾಷೆ ಇಂಗ್ಲಿಷೇ ಆಗಿತ್ತು. ಇಂಗ್ಲಿಷು ಅರಿಯದ ಸದಸ್ಯರಿಗೆ ಮಾತ್ರ ವಿನಾಯಿತಿಯಾಗಿ ಅನ್ಯಭಾಷೆಯನ್ನು ಬಳಸಲು ಬಿಡಲಾಗುತ್ತಿತ್ತು. ಯಳಂದೂರಿನವನ ಮಾತು ಆಳುವವರ ಕಿವಿಗೆ ಬೀಳುತ್ತಿತ್ತು, ಅದು ನಡೆಯಲೇಬೇಕೆಂಬ ನಿಯಮವಿರಲಿಲ್ಲ. ಕೊಳ್ಳೇಗಾಲದವನ ಮತವು ಎಣಿಕೆಗೆ ಬರುತ್ತಿತ್ತು, ಅದರ ಹಿಂದಿನ ಅಳಲು ಯಾರಿಗೂ ಕೇಳಿಸುತ್ತಿರಲಿಲ್ಲ.

1937ರಿಂದ ಏಕೀಕರಣದವರೆಗೆ

1935ರ ಕಾಯಿದೆಯು ಪ್ರಾಂತ್ಯಗಳಲ್ಲಿ ಮತದಾರರ ಸಂಖ್ಯೆಯನ್ನು ಹಿಗ್ಗಿಸಿತು. 1937ರ ಚುನಾವಣೆಯಲ್ಲಿ ಮದರಾಸು ವಿಧಾನಸಭೆಯ 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿಗೆ ದೊರೆತು, ರಾಜಾಜಿಯವರು ಪ್ರಧಾನಿಗಳಾದರು. ಅದೇ ವಿಧಾನಸಭೆಯು 1938ರಲ್ಲಿ, ಆಂಧ್ರದ ಕೊಂಡಾ ವೆಂಕಟಪ್ಪಯ್ಯನವರು ಮಂಡಿಸಿದ ನಿರ್ಣಯದ ಮೂಲಕ, ಪ್ರಾಂತ್ಯವನ್ನು ಭಾಷಾನುಸಾರವಾಗಿ ವಿಂಗಡಿಸಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಬ್ರಿಟಿಷ್ ಸರ್ಕಾರವು ಅದಕ್ಕೆ ಸಮ್ಮತಿಸಲಿಲ್ಲ. ಇತ್ತ ಕೇಂದ್ರದಲ್ಲಿ 1935ರ ಕಾಯಿದೆಯ ಒಕ್ಕೂಟ ಭಾಗವು ಜಾರಿಗೆ ಬಾರದೆ ಹೋದುದರಿಂದ ದೆಹಲಿಯ ಸಭೆಗೆ 1919ರ ವ್ಯವಸ್ಥೆಯೇ ಮುಂದುವರಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1945ರಲ್ಲಿ ನಡೆದ ಚುನಾವಣೆಯೂ ಆ ಇಕ್ಕಟ್ಟಾದ ಮತಾಧಿಕಾರದ ಮೇಲೆಯೇ ನಡೆಯಿತು. ಕಾಲು ಶತಮಾನದವರೆಗೆ ಅಜ್ಜೀಪುರದ ಬಹುಪಾಲು ಜನರಿಗೆ ತಮ್ಮ ಊರು ಯಾವ ಕ್ಷೇತ್ರಕ್ಕೆ ಸೇರಿದೆಯೆಂಬುದನ್ನು ತಿಳಿಯಬೇಕಾದ ಪ್ರಸಂಗವೇ ಒದಗಿರಲಾರದು.

1950ರ ಸಂವಿಧಾನವು ಈ ಕಟ್ಟಳೆಯನ್ನು ಒಂದೇ ಸಲಕ್ಕೆ ಕಿತ್ತೊಗೆಯಿತು. 1951-52ರ ಪ್ರಥಮ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, ಉಳ್ಳವರಾಗಲಿ ಇಲ್ಲದವರಾಗಲಿ, ಮತ ದೊರೆಯಿತು. ಆದರೆ ಮತಾಧಿಕಾರ ಪೂರ್ಣವಾದರೂ ಮಾತಿನ ಕೊರತೆ ಉಳಿದೇ ಇತ್ತು. ಕೊಳ್ಳೇಗಾಲವು ಆ ಚುನಾವಣೆಯಲ್ಲಿ ಮದರಾಸು ರಾಜ್ಯದ ಭಾಗವಾಗಿಯೇ ಮತ ಹಾಕಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿಯು ಮೈಸೂರಿಗೆ ಬಂದಿತು, ಕೊಳ್ಳೇಗಾಲವು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಫಜಲ್ ಅಲಿಯವರ ಅಧ್ಯಕ್ಷತೆಯ ಆಯೋಗವು 1955ರಲ್ಲಿ ವರದಿ ನೀಡಿದ ಮೇಲೆ, 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಆ ವರ್ಷದ ನವೆಂಬರ್ 1ರಂದು ನಿಜಗುಣರ ಬೆಟ್ಟವೂ ಷಡಕ್ಷರಿಯ ಊರೂ ಮತ್ತೆ ಒಂದೇ ಆಡಳಿತದ ಕೆಳಗೆ ಬಂದವು. 1957ರ ಚುನಾವಣೆಯಲ್ಲಿ ಕೊಳ್ಳೇಗಾಲ ಸೀಮೆಯವರು ಮೊತ್ತಮೊದಲಿಗೆ ಕನ್ನಡ ರಾಜ್ಯದ ಮತದಾರರಾದರು.

ಕೂಡಿದ ಮೇಲೆ

ತರುವಾಯದ ಇತಿಹಾಸವು ಬಹುಮಂದಿಗೆ ಪರಿಚಿತವಾದುದು. ಪರಿಶಿಷ್ಟ ಜಾತಿಗೆ ಮೀಸಲಾದ ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ 1962, 1967, 1971ರಲ್ಲಿ ಎಸ್. ಎಂ. ಸಿದ್ದಯ್ಯನವರೂ 1977ರಲ್ಲಿ ಬಿ. ರಾಚಯ್ಯನವರೂ ಆಯ್ಕೆಯಾದರು. 1980ರಲ್ಲಿ ಮೊದಲ ಬಾರಿ ಗೆದ್ದ ವಿ. ಶ್ರೀನಿವಾಸ ಪ್ರಸಾದರು ಮುಂದೆ ಹಲವು ಸಲ ಲೋಕಸಭೆಗೆ ಹೋದರು. ಭೂಮಿಯಿಲ್ಲದವನಿಗೆ ಮತವೇ ಇಲ್ಲದಿದ್ದ ಸೀಮೆಯಿಂದ ದಲಿತ ಸಮುದಾಯದ ಪ್ರತಿನಿಧಿಗಳು ದೆಹಲಿಗೆ ಹೋಗುವಂತಾದುದು ಸಾಮಾನ್ಯ ಪರಿವರ್ತನೆಯಲ್ಲ.

ಒಂದು ಮತದ ಬೆಲೆಯೇನೆಂಬುದಕ್ಕೆ ಈ ಸೀಮೆಯೇ ರಾಜ್ಯಕ್ಕೆಲ್ಲ ನಿದರ್ಶನವನ್ನು ಒದಗಿಸಿತು. 2004ರ ವಿಧಾನಸಭಾ ಚುನಾವಣೆಯಲ್ಲಿ, ಯಳಂದೂರು ಸೇರಿದ್ದ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದವು. 1920ರಲ್ಲಿ ಒಂದು ತಾಲ್ಲೂಕಿನ ಮತಗಳೆಲ್ಲ ಸೇರಿದರೂ ಲೆಕ್ಕಕ್ಕೆ ಬಾರದಿದ್ದ ಕಡೆ, ಒಬ್ಬನೇ ಮತದಾರನು ಫಲಿತಾಂಶವನ್ನು ನಿರ್ಣಯಿಸಿದನು. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆ ಜಾರಿಗೆ ಬಂದು, ಸಂತೆಮರಹಳ್ಳಿ ಕ್ಷೇತ್ರ ರದ್ದಾಗಿ, ಯಳಂದೂರು ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. 1799ರ ಗೆರೆ ಚುನಾವಣೆಯ ನಕ್ಷೆಯಿಂದಲೂ ಹೀಗೆ ಅಳಿಯಿತು.

ಆದರೂ ಮತ ಮತ್ತು ಮಾತಿನ ಪ್ರಶ್ನೆ ಪೂರ್ಣವಾಗಿ ಇತ್ಯರ್ಥವಾಯಿತೆನ್ನುವಂತಿಲ್ಲ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ, ಮಹದೇಶ್ವರ ಬೆಟ್ಟದ ಕಾಡಿನೊಳಗಣ ಇಂಡಿಗನತ್ತ ಗ್ರಾಮದಲ್ಲಿ ಮೂಲ ಸೌಕರ್ಯಗಳಿಲ್ಲವೆಂಬ ಕಾರಣಕ್ಕೆ ಜನರು ಮತದಾನವನ್ನು ಬಹಿಷ್ಕರಿಸಲು ಮುಂದಾದರು, ಗಲಭೆಯಲ್ಲಿ ಮತಯಂತ್ರವು ಧ್ವಂಸವಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಮತಯಂತ್ರವನ್ನು ಒಡೆಯುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಎಣಿಕೆಗೆ ಬೇಕಾದವರ ಅಳಲು ಕೇಳುವವರಿಗೆ ಬೇಡವಾದಾಗ ಏನಾಗುತ್ತದೆ ಎಂಬುದನ್ನು ಆ ಘಟನೆ ತೋರಿಸಿತು.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. 1956ರ ಗಡಿಯೂ ಗಡಿಯೇ. ಕನ್ನಡಿಗರೇ ಬಹುಸಂಖ್ಯೆಯಲ್ಲಿರುವ ತಾಳವಾಡಿ ಪ್ರದೇಶವು ತಮಿಳುನಾಡಿನಲ್ಲಿ ಉಳಿಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಇತ್ತ ಹನೂರು ತಾಲ್ಲೂಕಿನ ಮಾರ್ಟಳ್ಳಿ ಮೊದಲಾದ ಕಾಡಂಚಿನ ಊರುಗಳಲ್ಲಿ ತಮಿಳನ್ನು ಮನೆಮಾತಾಗಿ ಆಡುವವರು ಬಹುಸಂಖ್ಯೆಯಲ್ಲಿದ್ದಾರೆ. ಕೊಯಮತ್ತೂರಿನ ಅಂಚಿನಲ್ಲಿ ಕನ್ನಡಿಗನಾಗಿ ಇದ್ದುದರ ಕಷ್ಟವನ್ನು ಒಂದೂವರೆ ಶತಮಾನ ಉಂಡ ಸೀಮೆಯು, ತನ್ನ ಅಂಚಿನಲ್ಲಿರುವ ತಮಿಳನ ಮಾತಿಗೂ ಸೋಲಿಗನ ಮಾತಿಗೂ ಕಿವಿಗೊಡಬೇಕಾದುದು ಧರ್ಮ. ಇವನಾರವನೆಂದು ಕೇಳದೆ ನಮ್ಮವನೆಂದು ಎಣಿಸಬೇಕೆಂಬ ಬಸವಣ್ಣನವರ ನಿಲುವು ಸಭೆಗಳಿಗೆ ಮಾತ್ರವಲ್ಲ, ಕ್ಷೇತ್ರಗಳಿಗೂ ಅನ್ವಯಿಸುವಂಥದು.

ಅಜ್ಜೀಪುರದ ದಾರಿ ಇಂದಿಗೂ ಎರಡು ನುಡಿಗಳ ನಡುವೆಯೇ ಸಾಗುತ್ತದೆ. ಒಂದು ಕಾಲಕ್ಕೆ ಆ ಊರಿನಲ್ಲಿ ಬೆರಳೆಣಿಕೆಯ ಆಸ್ತಿವಂತರಿಗಷ್ಟೇ ಇದ್ದ ಹಕ್ಕು ಈಗ 18 ತುಂಬಿದ ಪ್ರತಿಯೊಬ್ಬರದೂ ಆಗಿದೆ, ತಮ್ಮ ಭಾಷೆಯಲ್ಲಿ ವಿಧಾನಸಭೆಯೊಡನೆ ಮಾತನಾಡುವ ಸೌಲಭ್ಯವೂ ಅದರೊಡನೆ ಕೂಡಿದೆ. ಹಿಂದಿನವರಿಗೆ ಇವೆರಡೂ ಒಟ್ಟಿಗೆ ದೊರೆತಿರಲಿಲ್ಲ. ದೊರೆತುದನ್ನು ಜತನದಿಂದ ಬಳಸುವ ಹೊಣೆ ಇಂದಿನವರದು.